ಕೊಡಗಿನಿಂದ ಇಂಜಿನಿಯರಿಂಗ್ ಸೀಟಿಗೆ ಅರ್ಜಿ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ಜನವರಿಯಿಂದ ಆಗಸ್ಟ್‌ವರೆಗೆ ನನ್ನ ಫೋನಿಗೆ ಬರುವ ಪ್ರಶ್ನೆಗಳು ಹೆಚ್ಚು ಕಮ್ಮಿ ಇವೇ. ಕೆಲವನ್ನು ಮಕ್ಕಳು ಕೇಳುತ್ತಾರೆ. ಜಾಸ್ತಿ ಕೇಳುವುದು ಅಪ್ಪ ಅಮ್ಮಂದಿರು. ನಮ್ಮ ಜಿಲ್ಲೆಯ ಮಕ್ಕಳು ಬರೀ ಅಂಕ ಕಮ್ಮಿಯಾಗಿ ಸೀಟು ಕಳೆದುಕೊಳ್ಳುವುದಿಲ್ಲ. ಕಾಗದ ಸರಿ ಇಲ್ಲದೆ, ಮಳೆಗೆ ಕರೆಂಟ್ ಹೋಗಿ, ಕೊನೆಯ ದಿನಕ್ಕೆ ಇಟ್ಟುಕೊಂಡು ಕಳೆದುಕೊಂಡವರನ್ನೂ ನೋಡಿದ್ದೇನೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇಷ್ಟು ಉದ್ದ ಬರೆದಿದ್ದೇನೆ.

ಯಾವ ಯಾವ ಪರೀಕ್ಷೆ ಬರೆಯಬೇಕು? ಎಲ್ಲವನ್ನೂ ಬರೆಯಲೇಬೇಕಾ?

ಮುಖ್ಯವಾದವು ಮೂರು. ಮೊದಲನೆಯದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ನಡೆಸುವ ಸಿಇಟಿ. ಸರ್ಕಾರಿ ಕಾಲೇಜಿನ ಸೀಟು, ಖಾಸಗಿ ಕಾಲೇಜಿನಲ್ಲಿರುವ ಸರ್ಕಾರಿ ಕೋಟಾದ ಸೀಟು ಎರಡೂ ಇದರ ಮೂಲಕವೇ ಸಿಗುತ್ತವೆ. ಎರಡನೆಯದು ಕಾಮೆಡ್‌-ಕೆ. ಇದು ಖಾಸಗಿ ಕಾಲೇಜುಗಳ ಪರೀಕ್ಷೆ. ಇದರಲ್ಲಿ ಸಿಗುವ ಸೀಟಿನ ಫೀಸು ಸಿಇಟಿ ಸೀಟಿಗಿಂತ ಜಾಸ್ತಿ. ಮೂರನೆಯದು ಜೆಇಇ ಮೇನ್. ಸುರತ್ಕಲ್‌ನಲ್ಲಿರುವ ಕೇಂದ್ರ ಸರ್ಕಾರದ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಗೆ ಇದೇ ದಾರಿ. ಮೇನ್‌ನಲ್ಲಿ ಮುಂದೆ ಬಂದವರು ಜೆಇಇ ಅಡ್ವಾನ್ಸ್ಡ್ ಬರೆದು ಐಐಟಿಗೆ ಹೋಗಬಹುದು. ನಮ್ಮ ರಾಜ್ಯದಲ್ಲೂ ಧಾರವಾಡದಲ್ಲಿ 2016ರಿಂದ ಐಐಟಿ ಇದೆ.

ಸಿಇಟಿಯನ್ನು ಎಲ್ಲರೂ ಬರೆಯಿರಿ. ಜೆಇಇ ಮೇನನ್ನು ಒಂದು ಸಲವಾದರೂ ಬರೆಯಿರಿ ಅನ್ನುತ್ತೇನೆ ನಾನು. ಯಾಕೆಂದರೆ ಎನ್‌ಐಟಿಕೆಯ ಅರ್ಧದಷ್ಟು ಸೀಟು ಕರ್ನಾಟಕದಲ್ಲಿ ಪಿಯುಸಿ ಮುಗಿಸಿದವರಿಗೇ ಮೀಸಲು. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ‘ಅದೆಲ್ಲ ನಮಗಲ್ಲ’ ಅಂದುಕೊಂಡು ಅರ್ಜಿಯನ್ನೇ ಹಾಕುವುದಿಲ್ಲ. ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ.

ಕಾಮೆಡ್‌-ಕೆ ಬರೆಯಬೇಕೋ ಬೇಡವೋ ಅನ್ನುವುದು ಮನೆಯ ಹಣಕಾಸಿಗೆ ಬಿಟ್ಟದ್ದು. ಆ ಫೀಸು ನಾಲ್ಕು ವರ್ಷ ಕಟ್ಟಲು ಆಗುತ್ತದಾ ಅಂತ ಮೊದಲೇ ಕೂತು ಮಾತಾಡಿ. ಸೀಟು ಸಿಕ್ಕ ಮೇಲೆ ಮಾತಾಡಿದರೆ ಮಗುವಿಗೆ ನೋವಾಗುತ್ತದೆ.

ಸಿಇಟಿ ಹೇಗಿರುತ್ತದೆ?

ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಒಂದೊಂದಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಒಟ್ಟು 180 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಜೆಇಇ ಮೇನ್ ಹಾಗಲ್ಲ. ಅಲ್ಲಿ ಸರಿ ಉತ್ತರಕ್ಕೆ 4, ತಪ್ಪಾದರೆ 1 ಕಳೆಯುತ್ತಾರೆ. ಎರಡನ್ನೂ ಬರೆಯುವವರು ಈ ವ್ಯತ್ಯಾಸವನ್ನು ತಲೆಯಲ್ಲಿ ಇಟ್ಟುಕೊಂಡೇ ಅಭ್ಯಾಸ ಮಾಡಬೇಕು.

ಒಂದು ಪ್ರಶ್ನೆಗೆ 80 ಸೆಕೆಂಡ್ ಸಿಗುತ್ತದೆ. ಅದರಲ್ಲೇ ಓಎಂಆರ್ ಹಾಳೆಯ ಗುಂಡಿ ತುಂಬುವುದೂ ಸೇರಿತು. ಕೊನೆಗೆ ಒಟ್ಟಿಗೆ ತುಂಬೋಣ ಅಂತ ಇಟ್ಟುಕೊಂಡು, ಗಂಟೆ ಹೊಡೆದಾಗ ಇನ್ನೂ ಹದಿನೈದು ಗುಂಡಿ ಉಳಿಸಿಕೊಂಡು ಅತ್ತ ಮಕ್ಕಳಿದ್ದಾರೆ. ಹತ್ತು ಪ್ರಶ್ನೆಗೊಮ್ಮೆ ತುಂಬುತ್ತಾ ಹೋಗಿ.

ಪಿಯುಸಿಯಲ್ಲಿ ಒಳ್ಳೆಯ ಅಂಕ ಇದೆ, ಸಿಇಟಿ ಚೆನ್ನಾಗಿ ಆಗಲಿಲ್ಲ. ರ‍್ಯಾಂಕ್ ಹೇಗೆ ಲೆಕ್ಕ ಹಾಕುತ್ತಾರೆ?

ಅರ್ಧ ಪಿಯುಸಿ, ಅರ್ಧ ಸಿಇಟಿ. ದ್ವಿತೀಯ ಪಿಯುಸಿಯ ಈ ಮೂರು ವಿಷಯಗಳ ಅಂಕವನ್ನು 50ಕ್ಕೆ ಇಳಿಸುತ್ತಾರೆ. ಸಿಇಟಿ ಅಂಕವನ್ನೂ 50ಕ್ಕೆ ಇಳಿಸುತ್ತಾರೆ. ಎರಡನ್ನೂ ಕೂಡಿಸುತ್ತಾರೆ.

ಒಬ್ಬ ಹುಡುಗನಿಗೆ ಪಿಯುಸಿಯಲ್ಲಿ 300ಕ್ಕೆ 240 ಬಂತು ಅಂತಿಟ್ಟುಕೊಳ್ಳಿ. ಅದು 40 ಆಯಿತು. ಸಿಇಟಿಯಲ್ಲಿ 180ಕ್ಕೆ 90 ಬಂದರೆ 25. ಒಟ್ಟು 65. ಇನ್ನೊಬ್ಬಳಿಗೆ ಪಿಯುಸಿಯಲ್ಲಿ 270, ಅಂದರೆ 45. ಸಿಇಟಿಯಲ್ಲಿ 72 ಮಾತ್ರ, ಅಂದರೆ 20. ಅವಳದ್ದೂ 65. ಪಿಯುಸಿಯ 30 ಅಂಕ ಸಿಇಟಿಯ 18 ಅಂಕಕ್ಕೆ ಸಮ. ಪ್ರಾಯೋಗಿಕ ಪರೀಕ್ಷೆಯ ಅಂಕವೂ ಇದರಲ್ಲಿ ಸೇರುತ್ತದೆ. ಹಾಗಾಗಿ ಲ್ಯಾಬ್ ರೆಕಾರ್ಡ್ ಬರೆಯಲು ಬೇಸರ ಮಾಡಿಕೊಳ್ಳಬೇಡಿ. ನನ್ನ ಮಕ್ಕಳಿಗೆ ಇದನ್ನು ಹೇಳಿ ಹೇಳಿ ಗಂಟಲು ಒಣಗಿದೆ.

ಸಿಬಿಎಸ್‌ಇ, ಐಎಸ್‌ಸಿ ಮಕ್ಕಳು ಹನ್ನೆರಡನೇ ತರಗತಿಯ ಅಂಕವನ್ನು ಕೆಇಎ ಜಾಲತಾಣದಲ್ಲಿ ತಾವೇ ತುಂಬಬೇಕು. ತುಂಬದಿದ್ದರೆ ರ‍್ಯಾಂಕ್ ಬರುವುದಿಲ್ಲ. ಕೂಡಿಗೆಯ ಸೈನಿಕ ಶಾಲೆಯಂಥ ಕಡೆ ಓದಿದವರು ಇದನ್ನು ಮರೆಯಬೇಡಿ.

ಪಿಯುಸಿಯಲ್ಲಿ ಕನಿಷ್ಠ ಎಷ್ಟು ಅಂಕ ಬೇಕು?

ಸಾಮಾನ್ಯ ವರ್ಗದವರಿಗೆ ಐಚ್ಛಿಕ ವಿಷಯಗಳಲ್ಲಿ ಒಟ್ಟು ಶೇ 45. ಎಸ್‌ಸಿ, ಎಸ್‌ಟಿ, ಪ್ರವರ್ಗ-1, 2ಎ, 2ಬಿ, 3ಎ, 3ಬಿಯವರಿಗೆ ಶೇ 40.

ಕಾಗದ ಪತ್ರ ಯಾವಾಗ ಮಾಡಿಸಬೇಕು? ಸೀಟು ಸಿಗುವಾಗ ಮಾಡಿಸಿದರೆ ಸಾಲದಾ?

ಸಾಲದು. ಸಿಇಟಿ ಅರ್ಜಿಯಲ್ಲೇ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ತುಂಬಬೇಕು. ಆ ಸಂಖ್ಯೆ ಇಟ್ಟುಕೊಂಡು ಕೆಇಎ ಆನ್‌ಲೈನ್‌ನಲ್ಲೇ ಪರಿಶೀಲಿಸುತ್ತದೆ. ಅರ್ಜಿ ಬರುವುದು ಹೆಚ್ಚಾಗಿ ಜನವರಿ, ಫೆಬ್ರವರಿಯಲ್ಲಿ. ನಮ್ಮಲ್ಲಿ ಅದು ಕಾಫಿ ಕೊಯ್ಲಿನ ಸಮಯ. ಅರೇಬಿಕಾ ಮುಗಿದು ರೋಬಸ್ಟಾ ಶುರುವಾಗಿರುತ್ತದೆ. ಅಪ್ಪ ಕಣ ಬಿಟ್ಟು ಬರುವ ಹಾಗಿಲ್ಲ, ಅಮ್ಮ ಆಳುಗಳ ಲೆಕ್ಕ ಬಿಟ್ಟು ಬರುವ ಹಾಗಿಲ್ಲ. ತೋಟದ ಕೂಲಿಗೆ ಹೋಗುವವರ ಮನೆಯಲ್ಲಂತೂ ಒಂದು ದಿನ ನಾಡಕಚೇರಿಗೆ ಹೋದರೆ ಒಂದು ದಿನದ ಸಂಬಳ ಹೋಯಿತು. ಹಾಗಾಗಿ ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಮುಂಚೆಯೇ ಮಾಡಿಸಿಬಿಡಿ. ಅಕ್ಟೋಬರ್ ರಜೆ ಇದಕ್ಕೆ ಒಳ್ಳೆಯ ಸಮಯ.

ಮಾಡಿಸಬೇಕಾದದ್ದು ಇಷ್ಟು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ. ಆದಾಯದ ಪತ್ರಕ್ಕೆ 5 ವರ್ಷದ ಅವಧಿ ಇರುತ್ತದೆ. ಏಳನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ಮಾಡಿಸಿದ್ದು ಇನ್ನೇನು ಮುಗಿಯುತ್ತಿರುತ್ತದೆ, ತಾರೀಖು ನೋಡಿ. ಇನ್ನೊಂದು, ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ. ಗ್ರಾಮೀಣ, ಕನ್ನಡ ಮಾಧ್ಯಮದ ಮೀಸಲಾತಿ ಕೇಳುವವರಿಗೆ ಅದಕ್ಕೇ ಬೇರೆ ನಮೂನೆಗಳಿವೆ. ಅವುಗಳಿಗೆ ಶಾಲೆಯ ಮುಖ್ಯಸ್ಥರ ಜೊತೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿಯೂ ಬೇಕು. ಎರಡು ಮೂರು ಶಾಲೆಯಲ್ಲಿ ಓದಿದ್ದರೆ ಎಲ್ಲ ಶಾಲೆಗೂ ಹೋಗಬೇಕು.

ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ತೊಂದರೆ ಆಗುತ್ತದಾ?

ಆಗುತ್ತದೆ. ಈ ತೊಂದರೆ ನಮ್ಮ ಜಿಲ್ಲೆಯಲ್ಲಿ ಜಾಸ್ತಿ. ನಮ್ಮಲ್ಲಿ ಮನೆ ಹೆಸರು ದೊಡ್ಡದು. ಶಾಲೆಗೆ ಸೇರಿಸುವಾಗ ಮನೆ ಹೆಸರಿನ ಒಂದು ಅಕ್ಷರ, ಅಪ್ಪನ ಹೆಸರಿನ ಒಂದು ಅಕ್ಷರ ಬರೆಸಿರುತ್ತೇವೆ. ಆಧಾರ್‌ನಲ್ಲಿ ಪೂರ್ತಿ ಮನೆ ಹೆಸರು ಮುಂದೆ ಬಂದಿರುತ್ತದೆ. ಬ್ಯಾಂಕಿನಲ್ಲಿ ಅದೇ ಹೆಸರು ಹಿಂದೆ ಹೋಗಿರುತ್ತದೆ. ಒಂದೇ ಮಗು, ಮೂರು ಹೆಸರು.

ನನ್ನ ತಮ್ಮನ ಮಗಳಿಗೇ ಹೀಗಾಯಿತು. ಅವಳ ಆದಾಯ ಪತ್ರದಲ್ಲಿ ಮನೆ ಹೆಸರಿನ ಒಂದು ದೀರ್ಘ ಬಿಟ್ಟುಹೋಗಿತ್ತು. ಕಚೇರಿಯಲ್ಲಿ ‘ಪರವಾಗಿಲ್ಲ, ನಡೆಯುತ್ತೆ’ ಅಂದರು. ನಡೆಯಲಿಲ್ಲ. ಅರ್ಜಿ ತುಂಬುವಾಗ ಹೊಂದಲೇ ಇಲ್ಲ. ತಿದ್ದಿಸಲು ತಮ್ಮ ಮೂರು ಸಲ ಹೋಗಿ ಬಂದ. ಮೂರನೇ ಸಲ ಹೋದಾಗ ಅರ್ಜಿಗೆ ಎರಡೇ ದಿನ ಉಳಿದಿತ್ತು. ಆ ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವುದೇ ಮೂಲ ಅಂತ ಇಟ್ಟುಕೊಳ್ಳಿ. ಆಧಾರ್, ಬ್ಯಾಂಕ್ ಖಾತೆ, ಆರ್‌ಡಿ ಸಂಖ್ಯೆಯ ಪತ್ರ ಎಲ್ಲವನ್ನೂ ಅದಕ್ಕೆ ಹೊಂದಿಸಿ. ಪ್ರಮಾಣಪತ್ರ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಅಕ್ಷರ ಅಕ್ಷರ ಓದಿ. ಹೆಸರು, ಅಪ್ಪನ ಹೆಸರು, ಪ್ರವರ್ಗ, ಹುಟ್ಟಿದ ದಿನ. ಬಸ್ಸು ಹತ್ತಿದ ಮೇಲೆ ಓದಬೇಡಿ.

ನಮ್ಮದು ಹಳ್ಳಿ. ಗ್ರಾಮೀಣ ಕೋಟಾ ಸಿಗುತ್ತದೆ ಅಲ್ವಾ?

ಮನೆ ಎಲ್ಲಿದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಶಾಲೆ ಎಲ್ಲಿತ್ತು ಅನ್ನುವುದೇ ಲೆಕ್ಕ. ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಮನೆ ಮಕ್ಕಂದೂರಿನ ತೋಟದೊಳಗಿದ್ದು, ಮಗು ಮಡಿಕೇರಿ ಪೇಟೆಯ ಶಾಲೆಗೆ ಹೋಗಿದ್ದರೆ ಸಿಗುವುದಿಲ್ಲ. ಒಂಬತ್ತು ವರ್ಷ ಹಳ್ಳಿ, ಒಂದು ವರ್ಷ ಪಟ್ಟಣ ಅಂದರೂ ಸಿಗುವುದಿಲ್ಲ. ಸಾಮಾನ್ಯ ವರ್ಗದವರು ಗ್ರಾಮೀಣ ಕೋಟಾ ಕೇಳುವಾಗ, ಮೇಲ್ಪದರಕ್ಕೆ, ಅಂದರೆ ಕ್ರೀಮಿ ಲೇಯರ್‌ಗೆ ಸೇರಿಲ್ಲ ಅನ್ನುವ ಪತ್ರವನ್ನೂ ಕೊಡಬೇಕು.

ಕನ್ನಡ ಮಾಧ್ಯಮದ ಕೋಟಾಕ್ಕೂ ಹಾಗೇ ಹತ್ತು ವರ್ಷದ ನಿಯಮ. ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಸೀಟು ಇದೆ. ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ ಮಗುವಿಗೆ ಎರಡಕ್ಕೂ ಹಕ್ಕಿದೆ. ಅರ್ಜಿಯಲ್ಲಿ ಎರಡಕ್ಕೂ ‘ಹೌದು’ ಅಂತ ಗುರುತು ಹಾಕಿ. ಸಂಕೋಚ ಬೇಡ. ಅದು ಮಗು ಹತ್ತು ವರ್ಷ ನಡೆದು ಹೋಗಿ ಗಳಿಸಿದ್ದು.

ಅಪ್ಪ ಮಿಲಿಟರಿಯಲ್ಲಿದ್ದಾರೆ. ನಾನು ಜಾಸ್ತಿ ಓದಿದ್ದು ಹೊರ ರಾಜ್ಯದಲ್ಲಿ. ಸಿಇಟಿ ಬರೆಯಬಹುದಾ?

ಬರೆಯಬಹುದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಜಿಲ್ಲೆ ಇದು. ಇಲ್ಲಿ ಈ ಪ್ರಶ್ನೆ ಬಾರದ ವರ್ಷವೇ ಇಲ್ಲ. ಏಳು ವರ್ಷ ಇಲ್ಲಿ ಓದಿರಬೇಕು ಅನ್ನುವುದು ಒಂದು ನಿಯಮ ಅಷ್ಟೇ. ಅದು ಹೊಂದದವರಿಗೆ ಬೇರೆ ಕಲಮುಗಳಿವೆ. ಸೇನೆಗೆ ಸೇರುವಾಗ ಅಪ್ಪ ಅಥವಾ ಅಮ್ಮ ತಮ್ಮ ಸ್ವಂತ ಊರು ಕರ್ನಾಟಕದಲ್ಲಿದೆ ಅಂತ ಬರೆಸಿದ್ದರೆ ಮಕ್ಕಳಿಗೆ ಅರ್ಹತೆ ಇದೆ. ಅದಕ್ಕೆ ಯೂನಿಟ್‌ನಿಂದ ಪತ್ರ ತರಿಸಬೇಕು. ಅಪ್ಪ ದೂರದ ಪೋಸ್ಟಿಂಗ್‌ನಲ್ಲಿದ್ದರೆ ಅದು ಬರಲು ಸಮಯ ಬೇಕು. ರಜೆಗೆ ಬಂದಾಗಲೇ ಹೇಳಿಡಿ.

ಇದು ಅರ್ಹತೆಯ ಮಾತು. ಇದರ ಜೊತೆಗೆ ಸೇವೆಯಲ್ಲಿರುವ ಮತ್ತು ನಿವೃತ್ತ ಸೈನಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾವೂ ಇದೆ. ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್ ಮತ್ತು ಗೈಡ್ಸ್‌ಗೂ ಇದೆ. ಹಾಕಿ ಆಡುವ ಮಕ್ಕಳು ಎಷ್ಟಿದ್ದಾರೆ ನಮ್ಮಲ್ಲಿ! ಪ್ರಮಾಣಪತ್ರಗಳನ್ನು ಗೋಡೆಗೆ ಫ್ರೇಮ್ ಹಾಕಿ ಇಟ್ಟಿರುತ್ತಾರೆ, ಅರ್ಜಿಯಲ್ಲಿ ಬರೆಯಲು ಮರೆಯುತ್ತಾರೆ. ನಿವೃತ್ತ ಸೈನಿಕರ ಪತ್ರಕ್ಕೆ ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ಈ ವಿಶೇಷ ವರ್ಗದ ಮೂಲ ದಾಖಲೆಗಳನ್ನು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೆಇಎ ಕಚೇರಿಗೇ ಒಯ್ದು ತೋರಿಸಬೇಕಾಗುತ್ತದೆ. ಇಲ್ಲಿಂದ ಹೋಗಿ ಬರುವುದು ಒಂದು ಪೂರ್ತಿ ದಿನದ ಕೆಲಸ. ತಾರೀಖು ಬಂದ ಕೂಡಲೇ ಬಸ್ಸು ಕಾಯ್ದಿರಿಸಿ.

371ಜೆ ಮೀಸಲಾತಿ ನಮಗೆ ಇದೆಯಾ?

ಇಲ್ಲ. ಸಂವಿಧಾನದ 371ಜೆ ವಿಧಿಯ ಆ ಮೀಸಲಾತಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ.

ಕೊಡಗಿನಲ್ಲೇ ಇಂಜಿನಿಯರಿಂಗ್ ಓದಬಹುದಾ?

ಓದಬಹುದು. ಕುಶಾಲನಗರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಪೊನ್ನಂಪೇಟೆಯ ಹಳ್ಳಿಗಟ್ಟಿನಲ್ಲಿ ಕೊಡವ ಎಜುಕೇಶನ್ ಸೊಸೈಟಿಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ. ಎರಡೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅಂದರೆ ವಿಟಿಯುಗೆ ಸೇರಿದವು. ಎಲ್ಲಿ ಓದಿದರೂ ಪದವಿ ವಿಟಿಯುದ್ದೇ.

‘ಊರಲ್ಲೇ ಓದಿದರೆ ಕೆಲಸ ಸಿಗಲ್ಲ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಕಂಪನಿಗಳು ಹತ್ತಿರ ಇವೆ, ಇಂಟರ್ನ್‌ಶಿಪ್ ಸುಲಭ, ಅದು ನಿಜ. ಆದರೆ ಬೆಂಗಳೂರಿನ ಯಾವುದೋ ಮೂಲೆಯ, ಲ್ಯಾಬ್ ಸರಿ ಇಲ್ಲದ ಕಾಲೇಜಿಗೆ ಪಿಜಿ ಬಾಡಿಗೆ ಕಟ್ಟಿಕೊಂಡು ಹೋಗುವುದಕ್ಕಿಂತ, ಮನೆ ಊಟ ಮಾಡಿಕೊಂಡು ಸರ್ಕಾರಿ ಕಾಲೇಜಿನಲ್ಲಿ ಓದುವುದು ಎಷ್ಟೋ ಮಕ್ಕಳಿಗೆ ಒಳ್ಳೆಯದು. ಮಡಿಕೇರಿಯಿಂದ ಕುಶಾಲನಗರ ಸುಮಾರು 30 ಕಿಲೋಮೀಟರ್. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ.

ಘಟ್ಟ ಇಳಿದರೆ ಸುಳ್ಯ, ಪುತ್ತೂರು, ಮಂಗಳೂರು. ಈ ಕಡೆ ಇಳಿದರೆ ಮೈಸೂರು, ಹಾಸನ. ಮೈಸೂರಿನ ಎನ್‌ಐಇ 1946ರದ್ದು, ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರದ್ದು. ಬೆಂಗಳೂರೇ ಬೇಕು ಅನ್ನುವವರು 1917ರಲ್ಲಿ ಶುರುವಾದ ಯುವಿಸಿಇ ಕಾಲೇಜನ್ನು ಪಟ್ಟಿಯಲ್ಲಿ ಮೇಲೆ ಇಡಿ. ಶನಿವಾರ ಸಂಜೆ ಮನೆಗೆ ಬರಲು ಆಗುವ ದೂರ ಅನ್ನುವುದೂ ಒಂದು ಕಾರಣವೇ. ಅದನ್ನು ಹೇಳಿಕೊಳ್ಳಲು ನಾಚಿಕೆ ಬೇಡ.

ಆಪ್ಷನ್ ಎಂಟ್ರಿ ಅಂದರೇನು? ಎಷ್ಟು ಕಾಲೇಜು ಹಾಕಬೇಕು?

ನಿಮಗೆ ಬೇಕಾದ ಕಾಲೇಜು ಮತ್ತು ಬ್ರಾಂಚನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನ್‌ನಲ್ಲಿ ತುಂಬುವುದೇ ಆಪ್ಷನ್ ಎಂಟ್ರಿ. ಕಂಪ್ಯೂಟರ್ ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ. ನಿಮ್ಮ ರ‍್ಯಾಂಕಿಗೆ ಮೊದಲು ಸಿಗುವ ಸೀಟಿನಲ್ಲಿ ನಿಲ್ಲುತ್ತದೆ. ಹಾಗಾಗಿ ಕ್ರಮವೇ ಎಲ್ಲ. ಎಷ್ಟು ಹಾಕಿದರೂ ಹೆಚ್ಚು ಹಣ ಇಲ್ಲ. ಹತ್ತೇ ಹಾಕಿ ಕೂತವರು ಕೊನೆಗೆ ಒಂದೂ ಸಿಗದೆ ಒದ್ದಾಡಿದ್ದಾರೆ. ಸಿಕ್ಕರೂ ಸೇರಲ್ಲ ಅನ್ನುವ ಕಾಲೇಜನ್ನು ಮಾತ್ರ ಸುಮ್ನೆ ಹಾಕಬೇಡಿ.

ಹಿಂದಿನ ವರ್ಷದ ಕಟ್ ಆಫ್ ರ‍್ಯಾಂಕ್ ಕೆಇಎ ಜಾಲತಾಣದಲ್ಲೇ ಇರುತ್ತದೆ. ಅದರಲ್ಲಿ ಜಿಎಂ, ಜಿಎಂಆರ್, ಜಿಎಂಕೆ, 3ಎಜಿ, 3ಎಆರ್, 3ಎಕೆ ಅಂತೆಲ್ಲ ಕಾಲಂ ಇರುತ್ತವೆ. ಜಿಎಂ ಅಂದರೆ ಸಾಮಾನ್ಯ ವರ್ಗ, ಕೊನೆಯ ‘ಆರ್’ ಅಂದರೆ ಗ್ರಾಮೀಣ, ‘ಕೆ’ ಅಂದರೆ ಕನ್ನಡ ಮಾಧ್ಯಮ. ನಿಮ್ಮ ಕಾಲಂ ನೋಡಿ, ಬೇರೆಯವರದ್ದು ನೋಡಿ ಹೆದರಬೇಡಿ. ನಿಮ್ಮ ರ‍್ಯಾಂಕಿಗೆ ಸ್ವಲ್ಪ ಕಷ್ಟ ಅನ್ನಿಸುವವನ್ನು ಮೇಲೆ, ಸಿಗಬಹುದು ಅನ್ನುವವನ್ನು ನಡುವೆ, ಖಂಡಿತ ಸಿಗುತ್ತದೆ ಅನ್ನುವವನ್ನು ಕೆಳಗೆ ಹಾಕಿ.

ಇನ್ನು ನಮ್ಮೂರಿನ ಕಷ್ಟ. ಈ ಕೆಲಸ ಬರುವುದು ಸಾಮಾನ್ಯವಾಗಿ ಜೂನ್, ಜುಲೈಯಲ್ಲಿ. ಆಗ ಇಲ್ಲಿ ಮಳೆ ಹೇಗೆ ಹೊಡೆಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮರ ಬಿದ್ದು ತಂತಿ ಹೋದರೆ ಮೂರು ದಿನ ಕರೆಂಟ್ ಇಲ್ಲ. ಟವರ್‌ಗೆ ಡೀಸೆಲ್ ಮುಗಿದರೆ ನೆಟ್ ಇಲ್ಲ.

ಕೆಲವು ವರ್ಷದ ಹಿಂದೆ ಭಾಗಮಂಡಲದ ಆಚೆಯ ಹುಡುಗಿಯೊಬ್ಬಳು ಅಪ್ಪನ ಜೊತೆ ನಮ್ಮ ಮನೆಗೆ ಬಂದಳು. ಸಂಗಮದಲ್ಲಿ ನೀರು ಏರುತ್ತಿತ್ತು. ರಸ್ತೆ ಮುಳುಗುವ ಮುಂಚೆ ಅಂತ ಬೆಳಿಗ್ಗೆ ಐದಕ್ಕೇ ಜೀಪಿನಲ್ಲಿ ಹೊರಟಿದ್ದರು. ಅವಳ ಹತ್ತಿರ ಫೋನ್ ಚಾರ್ಜ್ ಇರಲಿಲ್ಲ. ಆದರೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕತ್ತರಿಸಿ ಸುತ್ತಿದ್ದ ಒಂದು ನೋಟ್‌ಬುಕ್ ಇತ್ತು. ಬಿಚ್ಚಿದಳು. ಒಳಗೆ ಪೆನ್ಸಿಲ್‌ನಲ್ಲಿ 62 ಆಪ್ಷನ್. ಒಂದೊಂದರ ಮುಂದೆ ಕಾಲೇಜಿನ ಕೋಡ್, ಬ್ರಾಂಚಿನ ಕೋಡ್, ಹಿಂದಿನ ವರ್ಷದ ರ‍್ಯಾಂಕ್. ಕೆಲವನ್ನು ಅಳಿಸಿ ಮೇಲೆ ಕೆಳಗೆ ಮಾಡಿದ್ದ ಗುರುತು. ಮೇ ತಿಂಗಳಲ್ಲೇ, ನೆಟ್ ಚೆನ್ನಾಗಿದ್ದಾಗ ಬರೆದಿಟ್ಟಿದ್ದಳು. ನಮ್ಮ ಇನ್ವರ್ಟರ್ ಕೈ ಕೊಡುವ ಮೊದಲು, ಮುಕ್ಕಾಲು ಗಂಟೆಯಲ್ಲಿ ಎಲ್ಲ ತುಂಬಿದಳು. ನಾನು ಕಾಫಿ ಮಾಡಿಕೊಟ್ಟೆ ಅಷ್ಟೇ. ಉಳಿದದ್ದೆಲ್ಲ ಅವಳದ್ದೇ ಕೆಲಸ.

ನೀವೂ ಹಾಗೇ ಮಾಡಿ. ಪಟ್ಟಿ ಪುಸ್ತಕದಲ್ಲಿ ಇರಲಿ. ಜಾಲತಾಣ ತೆರೆದ ಮೊದಲ ದಿನವೇ ತುಂಬಿ, ಆಮೇಲೆ ಬದಲಿಸಿಕೊಳ್ಳಬಹುದು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನಂಬಿಕೆಯ ಅಣ್ಣ, ಅಕ್ಕ ಇದ್ದರೆ ಪಟ್ಟಿಯ ಫೋಟೋ ಅವರ ಹತ್ತಿರವೂ ಇರಲಿ. ಆದರೆ ಪಾಸ್‌ವರ್ಡ್, ಓಟಿಪಿಯನ್ನು ಮನೆಯವರಲ್ಲದೆ ಯಾರಿಗೂ ಕೊಡಬೇಡಿ. ಸೈಬರ್ ಸೆಂಟರ್‌ನಲ್ಲಿ ತುಂಬಿಸಿದರೆ ಲಾಗ್ ಔಟ್ ಮಾಡಿದ್ದನ್ನು ಕಣ್ಣಾರೆ ನೋಡಿ ಎದ್ದು ಬನ್ನಿ. ಅರ್ಜಿಗೆ ಕೊಡುವ ಮೊಬೈಲ್ ನಂಬರ್ ನಿಮ್ಮ ಮನೆಯದ್ದೇ ಆಗಿರಲಿ, ಸೆಂಟರ್‌ನವರದ್ದು ಬೇಡ.

ಮಾಕ್ ಅಲಾಟ್‌ಮೆಂಟ್‌ನಲ್ಲಿ ಸೀಟು ಬಂದಿದೆ. ಸಿಕ್ಕೇ ಬಿಡ್ತಾ?

ಇಲ್ಲ. ಅದು ನಿಜವಾದ ಸೀಟು ಹಂಚಿಕೆಗೆ ಮುಂಚಿನ ಅಣಕು ಹಂಚಿಕೆ, ಅಂದಾಜಿಗೆ ಮಾತ್ರ. ಅದನ್ನು ನೋಡಿ ಪಟ್ಟಿ ತಿದ್ದಿಕೊಳ್ಳಲು ಸಮಯ ಕೊಡುತ್ತಾರೆ.

ಚಾಯ್ಸ್ 1, 2, 3, 4 ಅಂದರೆ ಏನು? ಯಾವುದು ಒತ್ತಲಿ?

ಸೀಟು ಬಂದ ಮೇಲೆ ನೀವು ಕೊಡಬೇಕಾದ ಉತ್ತರ ಇದು. ಒಂದು ಅಂದರೆ ಈ ಸೀಟು ಸಾಕು, ಸೇರುತ್ತೇನೆ. ಎರಡು ಅಂದರೆ ಇದು ಇರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಅದನ್ನು ಕೊಡಿ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು ಅಂದರೆ ಏನೂ ಬೇಡ, ಹೊರಗೆ ಹೋಗುತ್ತೇನೆ.

ಜನ ಎಡವುವುದು ಎರಡು ಮತ್ತು ಮೂರರ ನಡುವೆ. ಮೂರು ಒತ್ತಿದರೆ ಕೈಯಲ್ಲಿದ್ದ ಸೀಟು ಹೋಯಿತು. ಎರಡು ಒತ್ತಿದರೆ ಮೇಲಿನದು ಸಿಕ್ಕಾಗ ಮಾತ್ರ ಹಳೆಯದು ಹೋಗುತ್ತದೆ. ಆದರೆ ಒಂದು ಮಾತು. ಮೇಲಿನದು ಸಿಕ್ಕ ಮೇಲೆ ‘ಮೊದಲಿನದೇ ಚೆನ್ನಾಗಿತ್ತು’ ಅಂದರೆ ವಾಪಸ್ ಸಿಗುವುದಿಲ್ಲ. ಎರಡು ಒತ್ತುವ ಮೊದಲು ಪಟ್ಟಿಯ ಮೇಲಿನ ಭಾಗವನ್ನು ಇನ್ನೊಮ್ಮೆ ಓದಿ. ಯಾವ ಚಾಯ್ಸ್‌ಗೆ ಯಾವಾಗ ಹಣ ಕಟ್ಟಬೇಕು ಅನ್ನುವುದನ್ನು ಆ ವರ್ಷದ ಕೆಇಎ ಸೂಚನೆಯಲ್ಲೇ ಓದಿ, ವಾಟ್ಸಾಪ್‌ನಲ್ಲಿ ಬಂದದ್ದನ್ನು ನಂಬಬೇಡಿ.

ಎಲ್ಲರೂ ಕಂಪ್ಯೂಟರ್ ಸೈನ್ಸ್ ಅನ್ನುತ್ತಾರೆ. ಸಿವಿಲ್ ತೆಗೆದುಕೊಂಡರೆ ತಪ್ಪಾ?

ಖಂಡಿತ ತಪ್ಪಲ್ಲ. ಕಂಪ್ಯೂಟರ್ ಇಷ್ಟ ಇದ್ದವರು ಅದನ್ನೇ ತೆಗೆದುಕೊಳ್ಳಲಿ. ಪಕ್ಕದ ಮನೆಯವರು ತೆಗೆದುಕೊಂಡರು ಅಂತ ತೆಗೆದುಕೊಂಡು, ಮೂರನೇ ಸೆಮಿಸ್ಟರ್‌ನಲ್ಲಿ ಕೋಡ್ ಬರೆಯಲು ಆಗದೆ ಕುಗ್ಗಿದ ಮಕ್ಕಳನ್ನು ಕಂಡಿದ್ದೇನೆ.

2018ರ ಆಗಸ್ಟ್ ನಮಗೆಲ್ಲ ನೆನಪಿದೆ. ಮಕ್ಕಂದೂರು, ಮಾದಾಪುರದ ಕಡೆ ಗುಡ್ಡಗಳು ಜಾರಿದವು. ಮಾರನೇ ವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ. ಇಳಿಜಾರಿನಲ್ಲಿ ಎಷ್ಟು ಮಣ್ಣು ಕಡಿಯಬಹುದು, ನೀರು ಎಲ್ಲಿ ಇಳಿಯಬೇಕು, ರಸ್ತೆಯ ತಡೆಗೋಡೆಯ ಹಿಂದೆ ನೀರು ನಿಂತರೆ ಏನಾಗುತ್ತದೆ, ಇವೆಲ್ಲ ಸಿವಿಲ್ ಇಂಜಿನಿಯರ್ ಓದುವ ವಿಷಯ. ಈ ಮಣ್ಣಿನಲ್ಲಿ ಹುಟ್ಟಿ, ಈ ಮಳೆ ಗೊತ್ತಿದ್ದು, ಆ ಓದು ಓದಿದವರು ನಮಗೆ ಬೇಕು. ಇದು ನನ್ನ ಆಸೆ. ನಿಮ್ಮ ಮಗುವಿನ ಮೇಲೆ ಹೇರುವುದಿಲ್ಲ.

ಫೀಸು ಕಟ್ಟಲು ಕಷ್ಟ. ಸಹಾಯ ಏನಿದೆ?

ಮೊದಲನೆಯದು ಎಸ್‌ಎನ್‌ಕ್ಯೂ ಸೀಟು. ಕಾಲೇಜುಗಳಲ್ಲಿ ಮಾಮೂಲಿ ಸೀಟಿನ ಮೇಲೆ ಶೇ 5 ಹೆಚ್ಚುವರಿ ಸೀಟು ಇರುತ್ತದೆ. ಕುಟುಂಬದ ವರ್ಷದ ಆದಾಯ 8 ಲಕ್ಷದ ಒಳಗಿದ್ದರೆ ಕೇಳಬಹುದು. ಜಾತಿ ಯಾವುದಾದರೂ ಸರಿ. ಬೋಧನಾ ಶುಲ್ಕ ಇರುವುದಿಲ್ಲ. ಅರ್ಜಿಯಲ್ಲಿ ಇದಕ್ಕೆ ಒಪ್ಪಿಗೆ ಹಾಕಿರಬೇಕು. ಹಾಕದೆ ಬಿಟ್ಟವರೇ ಜಾಸ್ತಿ.

ಹೆಣ್ಣುಮಕ್ಕಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ, ಅಂದರೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಇದೆ. ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ. ಇದಕ್ಕೂ ಆದಾಯದ ಮಿತಿ 8 ಲಕ್ಷ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ. ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ, ಆದಾಯ ಮಿತಿ 2.5 ಲಕ್ಷ. ಯರವ, ಜೇನುಕುರುಬ ಬುಡಕಟ್ಟು ಕುಟುಂಬಗಳ ಮಕ್ಕಳು ಪಿಯುಸಿ ವಿಜ್ಞಾನದವರೆಗೆ ಬಂದಿದ್ದರೆ, ಅವರ ಶಿಕ್ಷಕರು ದಯವಿಟ್ಟು ಜೊತೆಗೆ ಕೂತು ಈ ಅರ್ಜಿ ತುಂಬಿಸಿ. ಅವರಿಗೆ ಕೇಳಲು ಯಾರೂ ಇರುವುದಿಲ್ಲ. ಹಾಡಿಯಿಂದ ಬಂದ ಮಗು ಒಂದು ಓಟಿಪಿ ಬರಲಿಲ್ಲ ಅಂತ ವಾಪಸ್ ಹೋಗಬಾರದು. ರಾಜ್ಯದ ವಿದ್ಯಾರ್ಥಿವೇತನಗಳ ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು.

ಸಾಲ ಬೇಕಾದರೆ ಬ್ಯಾಂಕುಗಳಲ್ಲಿ 4 ಲಕ್ಷದವರೆಗೆ ಅಡಮಾನ ಇಲ್ಲದೆ ಶಿಕ್ಷಣ ಸಾಲ ಸಿಗುತ್ತದೆ. ತೋಟದ ಪತ್ರ ಕೇಳಿದರೆ ಯಾಕೆ ಅಂತ ಕೇಳಿ. ಹಾಸ್ಟೆಲ್‌ಗೆ ಬಿಸಿಎಂ (ಹಿಂದುಳಿದ ವರ್ಗಗಳ) ಮತ್ತು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಿವೆ. ಅಡ್ಮಿಷನ್ ಆದ ವಾರದಲ್ಲೇ ಅರ್ಜಿ ಹಾಕಿ.

ಒಬ್ಬರು ಈಗಲೇ ಅಡ್ವಾನ್ಸ್ ಕೊಟ್ಟರೆ ಸೀಟು ಖಾತ್ರಿ ಅನ್ನುತ್ತಿದ್ದಾರೆ. ಕೊಡಲಾ?

ಬೇಡ. ಸಿಇಟಿ ಸುತ್ತುಗಳು ಮುಗಿಯುವವರೆಗೆ ಕಾಯಿರಿ. ಮ್ಯಾನೇಜ್‌ಮೆಂಟ್ ಸೀಟೇ ಬೇಕು ಅಂದರೆ ಕಾಲೇಜಿನ ಕಚೇರಿಗೆ ನೀವೇ ಹೋಗಿ, ರಸೀದಿ ತೆಗೆದುಕೊಂಡು ಕಟ್ಟಿ. ಕಾಫಿ ಮಾರಿದ ಹಣ ಮಾರ್ಚ್‌ನಲ್ಲಿ ಕೈಯಲ್ಲಿ ಇರುತ್ತದೆ ಅಂತ ಗೊತ್ತಿದ್ದೇ ಈ ಫೋನ್‌ಗಳು ಆಗ ಬರುತ್ತವೆ. ನಮ್ಮ ಪರಿಚಯದ ಒಂದು ಮನೆಯವರು ಹೀಗೆ ಕೊಟ್ಟರು. ಎರಡನೇ ಸುತ್ತಿನಲ್ಲಿ ಮಗನಿಗೆ ಒಳ್ಳೆಯ ಸೀಟೇ ಬಂತು. ಕೊಟ್ಟ ಹಣ ಇನ್ನೂ ಬಂದಿಲ್ಲ.

ಪಿಯುಸಿ ಮಾಡಿಲ್ಲ, ಡಿಪ್ಲೊಮಾ ಮಾಡಿದ್ದೇನೆ. ದಾರಿ ಇದೆಯಾ?

ಇದೆ, ಒಳ್ಳೆಯ ದಾರಿ. ಡಿಪ್ಲೊಮಾದವರ ಸಿಇಟಿ, ಅಂದರೆ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು. ಕುಶಾಲನಗರದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಕೈಕೆಲಸದ ಆಸಕ್ತಿ ಇರುವ ಮಕ್ಕಳಿಗೆ ನಾನು ಇದನ್ನೇ ಹೇಳುವುದು.

ಕನ್ನಡ ಮೀಡಿಯಂನಲ್ಲಿ ಓದಿದ್ದೇನೆ. ಇಂಜಿನಿಯರಿಂಗ್ ಇಂಗ್ಲಿಷ್‌ನಲ್ಲಿ. ಭಯ ಆಗುತ್ತದೆ.

ಮೊದಲ ಎರಡು ಮೂರು ತಿಂಗಳು ಕಷ್ಟ. ಆಮೇಲೆ ಹಿಡಿತಕ್ಕೆ ಬರುತ್ತದೆ. ಗಣಿತಕ್ಕೆ ಭಾಷೆ ಕಮ್ಮಿ ಬೇಕು. ಮೊದಲ ವರ್ಷದ ಗಣಿತವನ್ನು ಬಿಗಿಯಾಗಿ ಹಿಡಿದುಕೊಂಡವರಿಗೆ ಉಳಿದದ್ದರಲ್ಲಿ ಧೈರ್ಯ ಬರುತ್ತದೆ. ಸಿಇಟಿ ಆದ ಮೇಲೆ ಕಾಲೇಜು ಶುರುವಾಗುವವರೆಗೆ ಒಳ್ಳೆಯ ಬಿಡುವು ಸಿಗುತ್ತದೆ. ದಿನಕ್ಕೆ ಒಂದು ಪುಟ ಇಂಗ್ಲಿಷ್ ಗಟ್ಟಿಯಾಗಿ ಓದಿ, ಮನೆಯವರಿಗೆ ಕೇಳುವ ಹಾಗೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಇವುಗಳಲ್ಲಿ ಒಂದನ್ನು ಮನೆಯಲ್ಲಿ ಆಡಿ, ಶಾಲೆಯಲ್ಲಿ ಕನ್ನಡ ಕಲಿತ ಮಕ್ಕಳು ನೀವು. ಆಗಲೇ ಎರಡು ಭಾಷೆ ಗೆದ್ದಿದ್ದೀರಿ. ಇದು ಮೂರನೆಯದು.

ಸಿಇಟಿಯಲ್ಲಿ ಇಂಜಿನಿಯರಿಂಗ್ ಬಿಟ್ಟು ಬೇರೆ ಏನು ಸಿಗುತ್ತದೆ?

ಬಹಳ ಇದೆ. ಜೀವಶಾಸ್ತ್ರವನ್ನೂ ಓದಿದವರು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯವನ್ನು ಯೋಚಿಸಿ. ಕೃಷಿ ಇಂಜಿನಿಯರಿಂಗ್ ಕೂಡ ಇದೆ. ಕೃಷಿ ಕೋರ್ಸ್‌ಗಳಿಗೆ ಕೃಷಿಕರ ಮಕ್ಕಳ ಕೋಟಾ ಇದೆ, ಅದಕ್ಕೆ ಬೇರೆ ದಾಖಲೆ ಮತ್ತು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಅದನ್ನೂ ಅರ್ಜಿಯಲ್ಲೇ ಕೇಳಿರಬೇಕು.

ಕಾಲೇಜಿಗೆ ಸೇರುವ ದಿನ ಏನು ತೆಗೆದುಕೊಂಡು ಹೋಗಬೇಕು?

ಕೆಇಎ ಪ್ರವೇಶ ಪತ್ರ, ಫೀಸು ಕಟ್ಟಿದ ರಸೀದಿ, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ವ್ಯಾಸಂಗ ಪತ್ರಗಳು, ಜಾತಿ ಮತ್ತು ಆದಾಯ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋ. ಬೇರೆ ಬೋರ್ಡ್‌ನವರಿಗೆ ವಲಸೆ ಪ್ರಮಾಣಪತ್ರ ಕೂಡ. ಎಲ್ಲದರ ಮೂರು ಮೂರು ಜೆರಾಕ್ಸ್. ಮೂಲ ಪತ್ರ ಕಾಲೇಜಿಗೆ ಕೊಟ್ಟರೆ ಸ್ವೀಕೃತಿ ಬರೆಸಿಕೊಳ್ಳಿ. ಕೊಡುವ ಮುಂಚೆ ಎಲ್ಲವನ್ನೂ ಫೋನಿನಲ್ಲಿ ಸ್ಕ್ಯಾನ್ ಮಾಡಿಕೊಂಡಿರಿ.

ಕೊನೆಯ ದಿನಕ್ಕೆ ಒಂದು ದಿನ ಮುಂಚೆಯೇ ತಲುಪಿ. ಸಂಪಾಜೆ ಘಾಟಿಯಲ್ಲಿ ಮಣ್ಣು ಬಿದ್ದರೆ ಬಸ್ಸು ನಿಲ್ಲುತ್ತದೆ, ಸುತ್ತಿ ಹೋಗಬೇಕಾಗುತ್ತದೆ. ಫೈಲನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಗಿನ ನಡುವೆ, ಬಟ್ಟೆಗಳ ಮಧ್ಯೆ ಇಡಿ. ಕೊಡೆ ಬ್ಯಾಗಿನ ಹೊರಗೆ ಇರಲಿ.